ಹಾರ್ಡ್ ಡಿಸ್ಕಿಗೊಂದು ಡಬ್ಬಿ

ಒಂದು ಡಬ್ಬಿ ಕೊಳ್ಳುವುದಕ್ಕೆ ಮನುಷ್ಯರಾದವರು ಎಷ್ಟು ಕಾಲ ಮೀನಮೇಷ ಎಣಿಸಬಹುದು? ಅದನ್ನು ವಾಪಸಮ್ಮನ ಹತ್ತಿರ ಕೇಳಬೇಕು. ಅಷ್ಟು ಕಾಲದಲ್ಲಿ ಬೇರೆಯವರು ಮನೆ ಕಟ್ಟಿಸಿ, ಅದನ್ನು ಬಾಡಿಗೆಗೆ ಕೊಟ್ಟು, ಬಾಡಿಗೆಗೆ ಬಂದವರ ಜೊತೆ ಜಗಳವನ್ನೂ ಆಡಿ ಮುಗಿಸಿರುತ್ತಾರೆ. ಇವಳು ಮಾತ್ರ ಅಂಗೈಯಗಲದ ಒಂದು ಡಬ್ಬಿಯ ಮುಂದೆ ಕೈಚೆಲ್ಲಿ ಕೂತಿದ್ದಳು.

ವಾಪಸಮ್ಮ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ, ಜೊತೆಯ ಕೆಲಸಗಾರರು ಅಂಟಿಸಿದ್ದು. ಮಿಕ್ಸಿ, ಫ್ಯಾನು, ಇಸ್ತ್ರಿಪೆಟ್ಟಿಗೆ ತಯಾರಿಸುವ ಕಂಪನಿಯಲ್ಲಿ ಅವಳ ಕೆಲಸ. ಕೆಟ್ಟುಹೋಯಿತೆಂದು ಗಿರಾಕಿಗಳು ವಾಪಸು ಕಳಿಸಿದ ಸಾಮಾನೆಲ್ಲ ಅವಳ ಮೇಜಿಗೆ ಬರುತ್ತದೆ. ಸ್ಕ್ರೂ ಬಿಚ್ಚಿ, ಒಳಗೆ ಏನು ಸುಟ್ಟಿದೆ, ಏನು ಸಡಿಲವಾಗಿದೆ ಎಂದು ಅವಳು ಹುಡುಕಬೇಕು. ಚೆನ್ನಾಗಿ ನಡೆಯುವ ಮಿಕ್ಸಿ ಯಾರದೋ ಅಡುಗೆಮನೆಯಲ್ಲಿ ಸುಖವಾಗಿ ತಿರುಗುತ್ತಿರುತ್ತದೆ, ಅದು ಅವಳ ಕಣ್ಣಿಗೆ ಬೀಳುವುದೇ ಇಲ್ಲ. ದಿನವಿಡೀ ಸುಟ್ಟ ವೈರಿನ ವಾಸನೆ ಕುಡಿದು ಕುಡಿದು, ಲೋಕದಲ್ಲಿರುವ ಪ್ರತಿಯೊಂದು ಯಂತ್ರವೂ ಇವತ್ತಲ್ಲ ನಾಳೆ ಹೊಗೆಯಾಡುವುದಕ್ಕೇ ಹುಟ್ಟಿದೆ ಎಂದು ಅವಳು ನಂಬಿಬಿಟ್ಟಿದ್ದಳು. ಬಿಸಿ ಹಾಲಿಗೆ ಬಾಯಿ ಹಾಕಿ ಸುಟ್ಟುಕೊಂಡ ಬೆಕ್ಕು ನೀರನ್ನೂ ಮೂಸಿ ನೋಡುತ್ತದೆ. ಇವಳು ಮೂಸಿ ನೋಡಿ, ಪಕ್ಕದ ಮನೆಯ ಬೆಕ್ಕನ್ನೂ ವಿಚಾರಿಸಿ, ಕೊನೆಗೆ ಕುಡಿಯದೆಯೇ ಎದ್ದು ಹೋಗುವ ಪೈಕಿ.

ಮನೆಗೆ ಒಂದು ಟಾರ್ಚು ತರಬೇಕಾದರೂ ಇದೇ ರಗಳೆ. ಫೋನು ಹಿಡಿದು, ಕೊಂಡವರು ಬರೆದ ಅಭಿಪ್ರಾಯಗಳನ್ನು ಓದುತ್ತಾಳೆ. ಹೊಗಳಿದವರನ್ನು ನಂಬುವುದಿಲ್ಲ, ಬೈದವರನ್ನು ಮಾತ್ರ ಒಂದಕ್ಷರ ಬಿಡದೆ ಓದುತ್ತಾಳೆ. ನನ್ನನ್ನು ಒಪ್ಪಿಕೊಳ್ಳುವ ಕಾಲಕ್ಕೆ ಈ ಅಭಿಪ್ರಾಯ ಬರೆಯುವ ಪದ್ಧತಿ ಇರಲಿಲ್ಲ, ಇದ್ದಿದ್ದರೆ ನಾನು ಇವತ್ತಿಗೂ ಗೋಡೌನಿನಲ್ಲೇ ಇರುತ್ತಿದ್ದೆ ಎಂದು ಅವಳ ಗಂಡ ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದ. ಅವಳೂ ನಗುತ್ತಿದ್ದಳು. ಡಬ್ಬಿಯ ವಿಷಯ ಬಂದ ಮೇಲೆ ಮಾತ್ರ ಆ ನಗು ನಿಂತಿತು.

ಡಬ್ಬಿ ಬೇಕಾಗಿದ್ದು ಅವಳ ಅಣ್ಣನಿಗೆ. ಅಣ್ಣ ಬೋರ್ಡು ಬರೆಯುವವನು. ಅವನ ಕೈಯ ಅಕ್ಷರ ಇಲ್ಲದ ಅಂಗಡಿ ಆ ಬೀದಿಗಳಲ್ಲಿ ಒಂದು ಕಾಲಕ್ಕೆ ಇರಲೇ ಇಲ್ಲ, ಹಾಗಾಗಿ ಎಲ್ಲರಿಗೂ ಅವನು ಬೋರ್ಡಣ್ಣ. ತಂದೆ ತಾಯಿ ಬೇಗ ಹೋದರು. ಏಣಿ ಹೆಗಲ ಮೇಲೆ ಹೊತ್ತು, ಬಣ್ಣದ ಡಬ್ಬ ಕೈಯಲ್ಲಿ ತೂಗಿಸಿಕೊಂಡು, ಬೀದಿ ಬೀದಿ ತಿರುಗಿ ತಂಗಿಯನ್ನು ಓದಿಸಿದ. ಬರೆದ ಪ್ರತಿ ಬೋರ್ಡು ಒಣಗಿದ ಮೇಲೆ ಎದುರುಗಡೆ ನಿಂತು ಒಂದು ಫೋಟೋ ತೆಗೆದುಕೊಳ್ಳುವುದು ಅವನ ಅಭ್ಯಾಸ. ಮೊದಲು ರೋಲ್ ಹಾಕುವ ಕ್ಯಾಮೆರಾ, ಆಮೇಲೆ ರೋಲ್ ಇಲ್ಲದ್ದು. ಹಳೆಯ ಆಲ್ಬಮ್ಮುಗಳಿಗೆ ಥಂಡಿ ಹಿಡಿದು ಹಾಳೆಗಳು ಅಂಟಿಕೊಳ್ಳತೊಡಗಿದಾಗ ಎಲ್ಲವನ್ನೂ ಸ್ಕ್ಯಾನ್ ಮಾಡಿಸಿ, ಮನೆಯ ಕಂಪ್ಯೂಟರಿಗೆ ಹಾಕಿಸಿ, ಆಲ್ಬಮ್ಮುಗಳನ್ನು ಎಸೆದುಬಿಟ್ಟ. ಅಷ್ಟರಲ್ಲಿ ಪ್ಲಾಸ್ಟಿಕ್ ಹಾಳೆಯ ಮೇಲೆ ಮೆಷಿನ್ನು ಅಚ್ಚು ಹಾಕಿಕೊಡುವ ಬೋರ್ಡು ಬಂದು ಅವನ ಬೋರ್ಡುಗಳೆಲ್ಲ ಒಂದೊಂದಾಗಿ ಕೆಳಗಿಳಿದವು. ಜೀವಮಾನದ ಕೆಲಸ ಉಳಿದದ್ದು ಆ ಕಂಪ್ಯೂಟರಿನ ಹೊಟ್ಟೆಯಲ್ಲಿ ಮಾತ್ರ.

ಆಮೇಲೆ ಕಣ್ಣಿನ ಕಾಯಿಲೆ ಬಂತು. ಕಣ್ಣೊಳಗೆ ಒತ್ತಡ ಜಾಸ್ತಿಯಾಗಿ ನರ ಸಾಯುತ್ತಾ ಬರುತ್ತದೆ, ಹೋದದ್ದು ವಾಪಸು ಬರುವುದಿಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳಬಹುದು ಅಷ್ಟೆ ಎಂದು ಕಣ್ಣಿನ ಡಾಕ್ಟರು ಹೇಳಿದರು. ತಕ್ಷಣಕ್ಕೆ ಭಯ ಇಲ್ಲ, ನಿಧಾನವಾಗಿ ಹೋಗುವ ಕಾಯಿಲೆ ಎಂದೂ ಹೇಳಿದರು. ತಂಗಿ ಈ ಕೊನೆಯ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅಣ್ಣ ಮನೆಗೆ ಬಂದು ನೇರವಾಗಿ ಕಂಪ್ಯೂಟರಿನ ಮುಂದೆ ಕೂತ. ಇರುವ ಬೆಳಕಿನಲ್ಲಿ ಎಲ್ಲ ಬೋರ್ಡನ್ನೂ ಇನ್ನೊಂದು ಸಲ ನೋಡಿಬಿಡಬೇಕು ಎಂದು ಅವನಿಗೆ ಆಸೆ. ಸ್ವಿಚ್ಚು ಒತ್ತಿದರೆ ಕಂಪ್ಯೂಟರು ಉಸಿರೇ ಎತ್ತಲಿಲ್ಲ.

ರಿಪೇರಿಯವನು ಬಿಚ್ಚಿ ನೋಡಿದ. ಮದರ್‌ಬೋರ್ಡೇ ಸುಟ್ಟಿದೆ, ಇಷ್ಟು ಹಳೆಯದಕ್ಕೆ ಬಿಡಿಭಾಗ ಸಿಗುವುದಿಲ್ಲ ಎಂದ. ಆದರೆ ಒಳಗಿದ್ದ ಹಾರ್ಡ್ ಡಿಸ್ಕನ್ನು ಕೈಯಲ್ಲಿ ತೂಗಿ, ಕಿವಿಯ ಹತ್ತಿರ ಇಟ್ಟು ಪರೀಕ್ಷಿಸಿ, ಇದು ಗಟ್ಟಿಮುಟ್ಟಾಗಿದೆ, ಫೋಟೋಗಳು ಎಲ್ಲೂ ಹೋಗಿರುವುದಿಲ್ಲ ಎಂದು ಧೈರ್ಯ ಹೇಳಿದ. ಇದನ್ನು ಒಂದು ಹೊರಗಿನ ಡಬ್ಬಿಗೆ ಕೂರಿಸಿ, ವೈರಿನಿಂದ ಲ್ಯಾಪ್‌ಟಾಪಿಗೆ ಸಿಕ್ಕಿಸಿದರೆ ಆಯಿತು. ಒಂದು ಮಾತು ಮಾತ್ರ ನೆನಪಿಟ್ಟುಕೊಳ್ಳಬೇಕು: ಇದು ದೊಡ್ಡ ಕಂಪ್ಯೂಟರಿನ ಡಿಸ್ಕು, ಲ್ಯಾಪ್‌ಟಾಪಿನಿಂದ ಬರುವ ಚೂರುಪಾರು ಕರೆಂಟು ಇದಕ್ಕೆ ಸಾಲದು, ಗೋಡೆಗೆ ಸಿಕ್ಕಿಸುವ ತನ್ನದೇ ಅಡಾಪ್ಟರ್ ಇರುವ ಡಬ್ಬಿಯೇ ಆಗಬೇಕು. ಬೇಕಿದ್ದರೆ ನನ್ನ ಮೇಜಿನ ಮೇಲಿರುವ ಡಬ್ಬಿಗೆ ಈಗಲೇ ಹಾಕಿ ತೋರಿಸುತ್ತೇನೆ ಎಂದೂ ಅಂದ.

ಆಗಲಿ ಅಂದಿದ್ದರೆ ಈ ಕಥೆ ಇಲ್ಲೇ ಮುಗಿಯುತ್ತಿತ್ತು. ವಾಪಸಮ್ಮ ಆ ಡಬ್ಬಿಯನ್ನು ನೋಡಿದಳು. ಮುಚ್ಚಳಕ್ಕೆ ರಬ್ಬರ್ ಬ್ಯಾಂಡು, ಅಡಾಪ್ಟರಿನ ವೈರಿಗೆ ಕರಿ ಟೇಪು. ಕಂಪನಿಯಲ್ಲಿ ಅಂಥ ಟೇಪು ಸುತ್ತಿದ ವೈರು ಬಿಚ್ಚಿದಾಗಲೆಲ್ಲ ಒಳಗೆ ಮಸಿಯೇ ಇರುತ್ತಿತ್ತು. ಇದ್ದದ್ದು ಇದೊಂದೇ ಪ್ರತಿ, ಬೇರೆಲ್ಲೂ ನಕಲಿಲ್ಲ. ಅವಳು ಡಿಸ್ಕನ್ನು ಅವನ ಕೈಯಿಂದ ಹೆಚ್ಚುಕಡಿಮೆ ಕಿತ್ತುಕೊಂಡು, ಸೆರಗಿನಲ್ಲಿ ಸುತ್ತಿ, ಒಳ್ಳೆಯ ಡಬ್ಬಿ ನಾನೇ ನೋಡಿ ತರುತ್ತೇನೆ ಎಂದಳು. ಅಣ್ಣ ತಲೆಯಾಡಿಸಿದ. ಇಂಥ ವಿಷಯದಲ್ಲಿ ನನ್ನ ತಂಗಿಯನ್ನು ಮೀರಿಸಿದವರಿಲ್ಲ ಎಂದು ರಿಪೇರಿಯವನ ಮುಂದೆ ಹೆಮ್ಮೆಯಿಂದಲೂ ಹೇಳಿದ. ಪಾಪ, ನಂಬಿದ್ದ.

ಮೊದಲು ಒಂದು ಕರಿ ಪ್ಲಾಸ್ಟಿಕ್ ಡಬ್ಬಿ ತರಿಸಿದಳು. ಅದು ಬರುವ ದಾರಿಯಲ್ಲಿರುವಾಗಲೇ ಅದರ ಬಗ್ಗೆ ಯಾರೋ ಬರೆದದ್ದು ಕಣ್ಣಿಗೆ ಬಿತ್ತು: ಪ್ಲಾಸ್ಟಿಕ್ಕಾದ್ದರಿಂದ ಬಿಸಿ ಹೊರಗೆ ಹೋಗುವುದಿಲ್ಲ, ನನ್ನ ಡಿಸ್ಕು ಬೆಂದುಹೋಯಿತು. ಇನ್ನುಳಿದ ನೂರಾರು ಜನ ಚೆನ್ನಾಗಿದೆ ಎಂದಿದ್ದರು, ಅವರ ಮಾತಿಗೆ ಅವಳ ಹತ್ತಿರ ಬೆಲೆಯಿಲ್ಲ. ಬೆಂದುಹೋಯಿತು ಎನ್ನುವ ಒಂದು ಮಾತು ಅವಳ ತಲೆಯಲ್ಲಿ ಕೂತುಬಿಟ್ಟಿತು. ಡಬ್ಬಿ ಬಂತು, ಪೊಟ್ಟಣವನ್ನೂ ಒಡೆಯದೆ ವಾಪಸು ಕಳಿಸಿದಳು. ಅಣ್ಣನಿಗೆ ಫೋನು ಮಾಡಿ, ಅದು ಸರಿಯಿಲ್ಲ, ಲೋಹದ್ದು ನೋಡುತ್ತೇನೆ ಅಂದಳು. ಅಣ್ಣ ಆಗಲಿ ಪುಟ್ಟಿ, ನಿಧಾನವಾಗಿ ನೋಡು ಅಂದ.

ನಿಧಾನವಾಗಿ ನೋಡು ಎಂದು ಅವಳಿಗೆ ಯಾರೂ ಹೇಳಬಾರದಿತ್ತು. ಕುಣಿಯುವವಳ ಕಾಲಿಗೆ ಗೆಜ್ಜೆ ಕಟ್ಟಿದ ಹಾಗಾಯಿತು. ಫ್ಯಾನು ಇರುವ ಡಬ್ಬಿ ಒಳ್ಳೆಯದೇ, ಇಲ್ಲದ್ದೇ? ಫ್ಯಾನಿದ್ದರೆ ತಂಪು, ಆದರೆ ಧೂಳು ಎಳೆಯುತ್ತದೆ. ನಿಲ್ಲಿಸುವ ಡಬ್ಬಿಯೇ, ಮಲಗಿಸುವ ಡಬ್ಬಿಯೇ? ನಿಲ್ಲಿಸಿದರೆ ಗಾಳಿಯಾಡುತ್ತದೆ, ಕೈ ತಗುಲಿದರೆ ಧೊಪ್ಪನೆ ಬೀಳುತ್ತದೆ. ಸ್ಕ್ರೂ ಹಾಕುವುದೇ, ಒತ್ತಿ ಕೂರಿಸುವುದೇ? ಬಸ್ಸಿನಲ್ಲಿ ಓದಿದಳು, ಊಟದ ತಟ್ಟೆಯ ಪಕ್ಕದಲ್ಲಿ ಫೋನಿಟ್ಟು ಓದಿದಳು. ಹಾರ್ಡ್ ಡಿಸ್ಕು ಮಾತ್ರ ಕಪಾಟಿನಲ್ಲಿ, ಹತ್ತಿಬಟ್ಟೆಯ ಮೇಲೆ ಹಸುಗೂಸಿನ ಹಾಗೆ ಮಲಗಿತ್ತು. ಅದನ್ನು ಮುಟ್ಟುವುದಕ್ಕೆ ಅವಳು ಗಂಡನನ್ನೂ ಬಿಡಲಿಲ್ಲ.

ಅಳೆದು ತೂಗಿ ಎರಡನೆಯದನ್ನು ತರಿಸಿದಳು. ಅಲ್ಯೂಮಿನಿಯಂ, ಬೆಳ್ಳಿಯ ಬಣ್ಣ, ಕೈಗೆ ಭಾರ. ನೋಡಿದರೆ ಆಸೆಯಾಗಬೇಕು, ಹಾಗಿತ್ತು. ಅಣ್ಣ ಅವತ್ತು ತಾನೇ ಅವಳ ಮನೆಗೆ ಬಂದಿದ್ದ, ಅತ್ತಿಗೆಯ ಕೈ ಹಿಡಿದುಕೊಂಡು. ಮೆಟ್ಟಿಲು ಎತ್ತರವಾಗಿದೆಯಲ್ಲ, ಅದಕ್ಕೆ ಕೈ ಹಿಡಿದಿದ್ದಾನೆ ಎಂದು ತಂಗಿ ಅಂದುಕೊಂಡಳು. ಅವನು ಡಬ್ಬಿಯನ್ನು ತೆಗೆದುಕೊಂಡು, ಕಿಟಕಿಯ ಹತ್ತಿರ ಹೋಗಿ, ಮುಖಕ್ಕೆ ತಾಗುವಷ್ಟು ಹತ್ತಿರ ಹಿಡಿದು, ಬೆರಳಿನಿಂದ ಅಂಚು ಸವರಿ, ಬಹಳ ನುಣುಪಾಗಿದೆ ಎಂದ. ವಾಪಸಮ್ಮ ಅಡಾಪ್ಟರಿನ ಪಿನ್ನನ್ನು ಡಬ್ಬಿಯ ತೂತಿಗೆ ಸಿಕ್ಕಿಸಿ ಅಲ್ಲಾಡಿಸಿ ನೋಡಿದಳು. ಕೂದಲೆಳೆಯಷ್ಟು ಆಡಿತು. ಮತ್ತೆ ಆಡಿಸಿದಳು, ಮತ್ತೆ ಆಡಿತು. ಹೀಗೆ ಆಡುವ ಪಿನ್ನಿನಿಂದ ಕಿಡಿ ಹಾರಿ ಸತ್ತ ಎಷ್ಟು ಇಸ್ತ್ರಿಪೆಟ್ಟಿಗೆಗಳ ಹೆಣ ಅವಳು ಬಿಚ್ಚಿರಲಿಲ್ಲ! ಡಿಸ್ಕನ್ನು ಕಪಾಟಿನಿಂದ ತೆಗೆಯಲೇ ಇಲ್ಲ.

“ಒಂದ್ಸಲ ಹಾಕಿ ನೋಡಬಹುದಾ ಪುಟ್ಟಿ? ಒಂದೇ ಒಂದ್ಸಲ,” ಎಂದು ಅಣ್ಣ ಕೇಳಿದ.

“ಬೇಡಣ್ಣ, ಸುಟ್ಟುಹೋದ್ರೆ? ಇನ್ನೊಂದು ತರಿಸ್ತೀನಿ, ಸ್ವಲ್ಪ ದಿನ ತಡ್ಕೊ.”

ಅವನು ಬಂದ ಹಾಗೆಯೇ ಅತ್ತಿಗೆಯ ಕೈ ಹಿಡಿದು ಇಳಿದು ಹೋದ. ಬೆಳ್ಳಿ ಡಬ್ಬಿ ವಾಪಸು ಹೋಯಿತು.

ಆಮೇಲಿನ ತಿಂಗಳುಗಳೆಲ್ಲ ಬರೀ ಒದ್ದಾಟ. ಅವಳಿಗೆ ಬುದ್ಧಿ ಇರಲಿಲ್ಲ ಎಂದಲ್ಲ, ತಾನು ತಡ ಮಾಡುತ್ತಿದ್ದೇನೆ ಎಂದು ಗೊತ್ತಿರಲಿಲ್ಲ ಎಂದೂ ಅಲ್ಲ. ಗೊತ್ತಿತ್ತು, ಅದೇ ಸಂಕಟ. ಇವತ್ತು ಯಾವುದಾದರೊಂದನ್ನು ಕೊಳ್ಳುವ ಗುಂಡಿ ಒತ್ತಿಬಿಡುತ್ತೇನೆ ಎಂದು ಕೂರುತ್ತಿದ್ದಳು. ಬೆರಳು ಗುಂಡಿಯ ಮೇಲೆ ನಿಲ್ಲುತ್ತಿತ್ತು, ಅಷ್ಟರಲ್ಲಿ ಡಿಸ್ಕಿನಿಂದ ಎಳೆ ಹೊಗೆ ಏಳುವುದು ಕಣ್ಣಿಗೆ ಕಟ್ಟುತ್ತಿತ್ತು. ಏಣಿಯ ಮೇಲೆ ನಿಂತು ಅಣ್ಣ ಬರೆದದ್ದೆಲ್ಲ ಆ ಹೊಗೆಯಲ್ಲಿ ಹೋದ ಹಾಗೆ, ಹೋಗಲಿ ಬಿಡು ಎಂದು ಅವನು ಅವಳನ್ನೇ ಸಮಾಧಾನ ಮಾಡಿದ ಹಾಗೆ. ಅವನು ಬೈದರೆ ತಡೆದುಕೊಳ್ಳಬಹುದಿತ್ತು, ಸಮಾಧಾನ ಮಾಡಿದರೆ ಹೇಗೆ ಬದುಕುವುದು? ಬೆರಳು ತಾನಾಗಿ ಹಿಂದೆ ಬರುತ್ತಿತ್ತು. ಒಂದು ದಿನ ಗಂಡನ ಮುಂದೆ ಅತ್ತೂ ಬಿಟ್ಟಳು. ನಾನೇ ಒಂದು ಕೊಂಡು ತರುತ್ತೇನೆ ಎಂದು ಅವನು ಚಪ್ಪಲಿ ಹಾಕಿಕೊಂಡರೆ, ನೀವು ಅಂಗಡಿಯವನು ಕೊಟ್ಟದ್ದನ್ನು ಕಣ್ಣುಮುಚ್ಚಿ ತರುವವರು, ಬೇಡ ಎಂದು ಅಡ್ಡ ನಿಂತಳು. ತಾನೂ ತಿನ್ನ, ಪರರಿಗೂ ಕೊಡ ಎಂಬ ಸ್ಥಿತಿ. ಅವನು ಚಪ್ಪಲಿ ಬಿಟ್ಟು ಒಳಗೆ ಬಂದು, ಇದಕ್ಕೆ ನನ್ನ ಹತ್ತಿರ ಮದ್ದಿಲ್ಲ ಎಂದು ಟೀವಿ ಹಾಕಿದ.

ಅಣ್ಣ ಫೋನು ಮಾಡುವುದು ನಿಂತಿರಲಿಲ್ಲ. ಡಬ್ಬಿಯ ವಿಷಯ ಮಾತ್ರ ಎತ್ತುತ್ತಿರಲಿಲ್ಲ. ಅವಳೇ ಎತ್ತಿ, ಮೂರನೆಯದು ಹೆಚ್ಚುಕಡಿಮೆ ನಿಶ್ಚಯವಾಗಿದೆ, ಕಣ್ಣು ಹೇಗಿದೆ ಎಂದು ಕೇಳಿದರೆ, ಇದೆ, ಹಾಗೇ ಇದೆ, ಡ್ರಾಪ್ಸು ಹಾಕ್ತಿದೀನಿ ಎನ್ನುತ್ತಿದ್ದ. ಹಾಗೇ ಇದೆ ಎಂದ ಮೇಲೆ ಹಾಗೇ ಇರಬೇಕಲ್ಲ. ನಿಧಾನದ ಕಾಯಿಲೆ ಎಂದು ಡಾಕ್ಟರೇ ಹೇಳಿದ್ದಾರೆ. ಅವಳು ಮತ್ತೆ ಬೈದವರ ಅಭಿಪ್ರಾಯಗಳಿಗೆ ಹೋಗುತ್ತಿದ್ದಳು.

ಕೊನೆಗೆ ಫೋನು ಬಂದದ್ದು ಅತ್ತಿಗೆಯಿಂದ. ಅತ್ತಿಗೆ ತಾನಾಗಿ ಫೋನು ಮಾಡುವವಳಲ್ಲ. ಏನಾಯಿತು ಅತ್ತಿಗೆ ಎಂದು ಕೇಳುವಷ್ಟರಲ್ಲಿ ಅವಳು ಹೇಳಬೇಕಾದ್ದನ್ನು ಹೇಳಿದಳು.

“ನಿಮ್ಮಣ್ಣ ಆ ಖಾಲಿ ಕಂಪ್ಯೂಟರ್ ಮೇಜಿನ ಮುಂದೆ ಹೋಗಿ ಕೂತ್ಕೊಂಡುಬಿಡ್ತಾರಮ್ಮ. ಒಳ್ಳೇದೋ ಕೆಟ್ಟದ್ದೋ, ಯಾವುದೋ ಒಂದು ತಗೊಂಡು ಬಾ. ಇನ್ನು ನನ್ನ ಕೈಲಿ ನೋಡಕ್ಕಾಗಲ್ಲ.”

ಆ ದನಿಗೆ ಹೆದರಿ ಅವಳು ಅರ್ಧ ದಿನ ರಜೆ ಹಾಕಿ, ಮನೆಯ ಕಪಾಟಿನಿಂದ ಡಿಸ್ಕು ತೆಗೆದುಕೊಂಡು ರಿಪೇರಿಯವನ ಅಂಗಡಿಗೆ ಹೋದಳು. ಕೆಲಸದಲ್ಲಿದ್ದ ಗಂಡನನ್ನೂ ಕರೆಸಿಕೊಂಡಳು, ಗುಂಡಿಗೆ ಗಟ್ಟಿ ಇರಲಿ ಎಂದು. ಅಡಾಪ್ಟರ್ ಇರುವ ಡಬ್ಬಿ ಕೊಡಿ ಎಂದಳು. ಅವನು ಕಪಾಟಿನಿಂದ ಒಂದನ್ನು ತೆಗೆದು ಮೇಜಿನ ಮೇಲಿಟ್ಟ. ನೋಡಿದರೆ ಅದೇ ಕರಿ ಪ್ಲಾಸ್ಟಿಕ್ಕು, ಪೊಟ್ಟಣ ಒಡೆಯದೆ ಮೊದಲು ವಾಪಸು ಕಳಿಸಿದ್ದಳಲ್ಲ, ಅದೇ ಕಂಪನಿ, ಅದೇ ನಮೂನೆ. ಸುತ್ತಿ ಬಳಸಿ ಬಂದು ನಿಂತದ್ದು ಹೊರಟ ಬಾಗಿಲಿಗೇ. ಅವಳು ಬಾಯಿ ತೆರೆಯುವುದರೊಳಗೆ ಗಂಡ ಅವಳ ಕೈಯಿಂದ ಡಿಸ್ಕು ತೆಗೆದು ರಿಪೇರಿಯವನಿಗೆ ಕೊಟ್ಟ. ಕೂರಿಸಿದ್ದು ಗೊತ್ತಾಗಲಿಲ್ಲ, ಸಿಕ್ಕಿಸಿದ್ದು ಗೊತ್ತಾಗಲಿಲ್ಲ. ಗುಂಯ್ ಎಂದು ಸಣ್ಣಗೆ ಸದ್ದಾಯಿತು, ನೀಲಿ ದೀಪ ಹತ್ತಿತು, ಪರದೆಯ ಮೇಲೆ ಬೋರ್ಡುಗಳು ಸಾಲಾಗಿ ಬಂದವು. ಹೊಗೆಯಿಲ್ಲ, ಕಿಡಿಯಿಲ್ಲ. ಎಲ್ಲದರ ನಕಲೂ ಮಾಡಿಸಿಕೊಂಡರು. ಇಷ್ಟೇನಾ ಎಂದು ಅವಳಿಗೆ ನಾಚಿಕೆಯಾಯಿತು, ನಾಚಿಕೆಗಿಂತ ಹೆಚ್ಚಾಗಿ ಸಂತೋಷವಾಯಿತು.

ಅಣ್ಣನ ಮನೆಯ ಮೇಜಿನ ಮೇಲೆ ತನ್ನ ಲ್ಯಾಪ್‌ಟಾಪು ಇಟ್ಟು, ಡಬ್ಬಿಯನ್ನು ಗೋಡೆಗೆ ಸಿಕ್ಕಿಸಿದಳು. ಅಣ್ಣ ಒಗೆದ ಅಂಗಿ ಹಾಕಿಕೊಂಡು, ತಲೆ ಬಾಚಿಕೊಂಡು ಬಂದು ಕೂತ. ಪ್ರತಿ ಫೋಟೋಗೂ ಅವನು ಅಂಗಡಿಯ ಹೆಸರನ್ನೇ ಇಟ್ಟಿದ್ದ. ಅವಳು ಒಂದೊಂದನ್ನೇ ತೆರೆದು ಹೆಸರು ಓದುತ್ತಾ ಹೋದಳು. ಚಪ್ಪಲಿ ಅಂಗಡಿ ಅಂದಳು. ಅಣ್ಣ ಮುಂದಕ್ಕೆ ಬಾಗಿ, ಹಾಂ, ಇದೇ, ಈ ಕೆಂಪು ಅಂಚು ನೋಡು, ಮೂರು ಸಲ ಬಳಿದೆ ಎಂದ. ನಿಜ, ಕೆಂಪು ಅಂಚು. ಕೈಗಡಿಯಾರ ರಿಪೇರಿ ಅಂದಳು. ಅದರ ಅಕ್ಷರಕ್ಕೆ ನೆರಳು ಕೊಟ್ಟಿದ್ದು ತನ್ನ ಹೊಸ ಪ್ರಯೋಗ, ಮಾಲೀಕ ಅಕ್ಷರ ಎರಡೆರಡಾಗಿ ಕಾಣುತ್ತದೆಂದು ಜಗಳಕ್ಕೇ ಬಂದ ಎಂದು ಹೇಳಿ ನಕ್ಕ. ನಿಜ, ನೆರಳಿತ್ತು. ತಡವಾದರೇನು, ಕಾಣುತ್ತಿದೆಯಲ್ಲ, ನೋಡುತ್ತಿದ್ದಾನಲ್ಲ. ಬಾಗಿಲಲ್ಲಿ ನಿಂತಿದ್ದ ಅತ್ತಿಗೆಯ ಕಡೆ ತಿರುಗಿ ನಕ್ಕಳು. ಅತ್ತಿಗೆ ನಗಲಿಲ್ಲ.

ಕೊಡೆ ಅಂಗಡಿಯ ಬೋರ್ಡಿಗೆ ಬಂದಾಗ ಅಣ್ಣನಿಗೆ ಮಾತಿನ ಹುರುಪು ಬಂದುಬಿಟ್ಟಿತು. ಮಾಲೀಕನ ಜಿಪುಣತನ, ಏಣಿ ಜಾರಿದ್ದು, ಬೀದಿಯಲ್ಲಿ ಹೋಗುತ್ತಿದ್ದ ಒಬ್ಬನ ತಲೆಯ ಮೇಲೆ ಬಣ್ಣ ತೊಟ್ಟಿಕ್ಕಿದ್ದು, ಆ ಮನುಷ್ಯ ಆಮೇಲೆ ಅಲ್ಲೇ ಒಂದು ಕೊಡೆ ಕೊಂಡದ್ದು. ಅವಳು ಅವನ ಮುಖವನ್ನೇ ನೋಡುತ್ತಾ ಕೇಳುತ್ತಿದ್ದಳು. ಎಷ್ಟೋ ಕಾಲದಿಂದ ಆ ಮುಖದಲ್ಲಿ ಅಷ್ಟು ಕಳೆ ಕಂಡಿರಲಿಲ್ಲ.

“ಈ ಹಿಡಿ ನೋಡು ಪುಟ್ಟಿ, ಈ ಕೊಡೆಯ ಹಿಡಿ. ಒಂದೇ ಎಳೆತದಲ್ಲಿ ಬರೆದದ್ದು, ಎಲ್ಲೂ ಬ್ರಷ್ ಎತ್ತಿಲ್ಲ,” ಎಂದು ಅವನು ಬೆರಳು ಚಾಚಿ ತೋರಿಸಿದ.

ಅವಳು ಬೆರಳು ಹೋದ ಕಡೆ ನೋಡಿದಳು. ಬಹಳ ಹೊತ್ತು ಯಾರೂ ಮುಟ್ಟದೆ ಇದ್ದದ್ದರಿಂದ ಲ್ಯಾಪ್‌ಟಾಪಿನ ಪರದೆ ತಾನಾಗಿ ಆರಿಹೋಗಿತ್ತು. ಕೊಡೆಯೂ ಇಲ್ಲ, ಹಿಡಿಯೂ ಇಲ್ಲ, ಬರೀ ಕಪ್ಪು. ಅಣ್ಣನ ಬೆರಳು ಆ ಕಪ್ಪಿನ ಮೇಲೆ ಕೊಡೆಯ ಹಿಡಿಯನ್ನು ಮೇಲಿನಿಂದ ಕೆಳಗೆ ನಿಧಾನವಾಗಿ ತಿದ್ದುತ್ತಿತ್ತು. ನೀಲಿಗೆ ಚೂರು ಬಿಳಿ ಬೆರೆಸಿದ್ದೆ, ಕಾಣುತ್ತಲ್ಲ ಎಂದು ಕೇಳುತ್ತಿದ್ದ.

ಅತ್ತಿಗೆ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಕಾಣುತ್ತಣ್ಣ ಎಂದು ಹೇಳಿ ಸುಮ್ಮನಾಗಬಹುದಿತ್ತು. ಸುಮ್ಮನಿರಲು ಅವಳಿಂದ ಆಗಲಿಲ್ಲ.

“ಅಣ್ಣ, ಯಾವಾಗಿಂದ ಕಾಣಿಸ್ತಿಲ್ಲ?”

ಅವನ ಬೆರಳು ನಿಂತಿತು. ಸಿಕ್ಕಿಬಿದ್ದವನ ಹಾಗೆ ಸಣ್ಣಗೆ ನಕ್ಕು, ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡ.

“ನೀನು ಎರಡನೇ ಡಬ್ಬಿ ತರಿಸಿದ್ಯಲ್ಲ, ಬೆಳ್ಳಿ ಬಣ್ಣದ್ದು. ಆಗ ಇನ್ನೂ ಸ್ವಲ್ಪ ಇತ್ತು. ಕಿಟಕಿ ಬೆಳಕಿಗೆ ಹಿಡಿದ್ರೆ ಗೊತ್ತಾಗ್ತಿತ್ತು. ಅದಾದ ಮೇಲೆ ಡಾಕ್ಟರು ಹೇಳಿದ್ದಕ್ಕಿಂತ ಬೇಗ ಹೋಯ್ತು.”

“ಮತ್ತೆ ನಂಗ್ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ನೀನು ಗಾಬರಿ ಬಿದ್ದು ಯಾವುದೋ ಒಂದನ್ನ ತಂದುಬಿಡ್ತಿದ್ದೆ. ಅದೇನಾದ್ರೂ ಹೆಚ್ಚುಕಡಿಮೆ ಆಗಿದ್ರೆ ಸಾಯೋವರೆಗೂ ಕೊರಗ್ತಿದ್ದೆ. ನಿನ್ನ ಸ್ವಭಾವ ನಂಗೆ ಗೊತ್ತಿಲ್ವಾ? ಹೆಂಗೂ ಹೋಗೋ ಕಣ್ಣು. ನೀನು ನಿಧಾನವಾಗಿ ನೋಡಿ ತರಲಿ ಅಂತ ಸುಮ್ನಿದ್ದೆ.”

ಅವಳು ಅವನ ತೊಡೆಯ ಮೇಲೆ ತಲೆಯಿಟ್ಟು ಅತ್ತಳು. ಇಷ್ಟು ದೊಡ್ಡ ಹೆಂಗಸು, ಮಗುವಿನ ಹಾಗೆ ಗೋಳೋ ಎಂದು ಅತ್ತಳು. ಅವನು ತಡವರಿಸಿ ಅವಳ ತಲೆ ಹುಡುಕಿ, ಸವರಿ, ಡಬ್ಬಿ ಒಳ್ಳೇದಿದೆ ಪುಟ್ಟಿ, ಸದ್ದೇ ಇಲ್ಲ, ಒಳ್ಳೇದನ್ನೇ ಆರಿಸಿದ್ದೀಯ ಎಂದು ಅವಳನ್ನೇ ಸಮಾಧಾನ ಮಾಡಿದ. ಅದಕ್ಕೆ ಅವಳು ಇನ್ನಷ್ಟು ಅತ್ತಳು.

ಸ್ವಲ್ಪ ಹೊತ್ತಿನ ಮೇಲೆ ಮುಂದಿನದು ಯಾವುದು ಎಂದು ಅವನು ಕೇಳಿದ. ಅವಳು ಮುಖ ಒರೆಸಿಕೊಂಡು ಒಂದು ಕೀ ಒತ್ತಿದಳು, ಪರದೆ ಹತ್ತಿಕೊಂಡಿತು. ಬೀಗದ ಅಂಗಡಿ ಎಂದು ಓದಿದಳು. ಓಹೋ ಅದಾ ಎಂದು ಅಣ್ಣ ಕುರ್ಚಿಯನ್ನು ಇನ್ನೂ ಸ್ವಲ್ಪ ಹತ್ತಿರಕ್ಕೆ ಎಳೆದುಕೊಂಡ.